ಬಣ್ಣ ಕಾಣದ ಮಷಿನ್

ದಾಂಡೇಲಿಯ ಶೈಲಶ್ರೀಗೆ ಮೂವತ್ನಾಲ್ಕು ವರ್ಷ. ಮನೆಯ ಮಾಳಿಗೆಯ ಮೇಲೆ ತಗಡು ಹೊದಿಸಿದ ಒಂದು ಕೋಣೆಯೇ ಅವಳ ಆಫೀಸು. ಬೇಸಿಗೆಯಲ್ಲಿ ಕಾವಲಿಯಂತೆ ಕಾಯುವ, ಮಳೆಗಾಲದಲ್ಲಿ ಫೋನಿನ ಮಾತು ಕೇಳದಷ್ಟು ಸದ್ದು ಮಾಡುವ ಆ ತಗಡಿನ ಕೆಳಗೆ ಕೂತು ಅವಳು ಸುತ್ತಲಿನ ಊರಿನವರಿಗೆ ಬೇಕಾದ ಸಣ್ಣಪುಟ್ಟ ಪ್ರೋಗ್ರಾಂ ಬರೆದುಕೊಡುತ್ತಾಳೆ. ಮುಂಡಗೋಡದ ಅಕ್ಕಿ ಗಿರಣಿಗೆ ಒಂದು, ಜೋಯಿಡಾ ಕಡೆಯ ಒಂದು ರಿಸಾರ್ಟಿಗೆ ಒಂದು, ದಾಂಡೇಲಿಯ ಕಣ್ಣಿನ ಡಾಕ್ಟರಿಗೆ ಒಂದು. ಯಾರಾದರೂ “ಏನ್ ಕೆಲಸ ಮಾಡ್ತೀಯವಾ?” ಎಂದು ಕೇಳಿದರೆ “ಮಂದಿ ಕಾಗದಾ ಕಂಪ್ಯೂಟರಿಗೆ ತುಂಬತೇನಿ” ಎಂದು ಹೇಳಿ ಮಾತು ಮುಗಿಸುತ್ತಾಳೆ.

ಅವಳ ಅಪ್ಪ ಶಂಕ್ರಪ್ಪ ಧಾರವಾಡ ಕಡೆಯಿಂದ ಬಂದು ಮೂವತ್ತೊಂದು ವರ್ಷ ಕಾಗದದ ಕಾರ್ಖಾನೆಯಲ್ಲಿ ದುಡಿದು ನಿವೃತ್ತನಾದವನು. ಮನೆಗೆ ಯಾರೇ ಬರಲಿ, ಅವನದು ಒಂದೇ ದೂರು.

“ನಾ ಮೂವತ್ತೊಂದ ವರ್ಷ ಕಾಗದಾ ಮಾಡ್ದೆ. ಈಕಿ ಕಾಗದಾನ ಬ್ಯಾಡನ್ನೂ ಧಂದೆ ಹಚ್ಯಾಳ. ಅಪ್ಪನ ಅನ್ನಕ್ಕ ಮಣ್ಣ ಹಾಕೂ ಮಗಳು.”

ಇದನ್ನು ಹೇಳುವಾಗ ಅವನ ಮುಖದಲ್ಲಿ ದುಃಖದ ಸುಳಿವೂ ಇರುತ್ತಿರಲಿಲ್ಲ. ಬಂದವರು ಮಗಳ ಕೆಲಸದ ಬಗ್ಗೆ ಇನ್ನೊಂದು ಪ್ರಶ್ನೆ ಕೇಳಲಿ ಎಂದು ಕಾಯುತ್ತಿದ್ದ.

ಶೈಲಶ್ರೀ ಹುಟ್ಟಾ ಕಿಡಿಗೇಡಿ. ಹೈಸ್ಕೂಲಿನಲ್ಲಿದ್ದಾಗ ಲಗಮಪ್ಪ ಮಾಸ್ತರರ ಕಂಪ್ಯೂಟರ್ ಕ್ಲಾಸಿಗೆ ಸೇರಿದ್ದಳು. ಎರಡನೇ ತಿಂಗಳಲ್ಲೇ ಮಾಸ್ತರರ ಕಂಪ್ಯೂಟರಿನಲ್ಲಿ ಏನೋ ಕೈಯಾಡಿಸಿ, ಅವರು ತಮ್ಮ ಹೆಸರು ಟೈಪ್ ಮಾಡಿದಾಗಲೆಲ್ಲ ಅದು ತಾನೇ ‘ನಾಳೆ ರಜೆ’ ಎಂದು ಬದಲಾಗುವಂತೆ ಮಾಡಿದಳು. ಪಾಪ, ಮಾಸ್ತರರು ಅದನ್ನು ಗಮನಿಸದೆ ಪಾಲಕರಿಗೆಲ್ಲ ಪತ್ರ ಹೊರಡಿಸಿಬಿಟ್ಟರು. ಪತ್ರದ ಕೊನೆಯಲ್ಲಿ ‘ತಮ್ಮ ವಿಶ್ವಾಸಿ, ನಾಳೆ ರಜೆ’ ಎಂದಿತ್ತು. ಮರುದಿನ ಕ್ಲಾಸಿಗೆ ಒಬ್ಬರೂ ಬರಲಿಲ್ಲ. ಯಾರ ಕೆಲಸ ಎಂದು ತಿಳಿದ ಮೇಲೂ ಅವರು ಅವಳನ್ನು ಹೊರಗೆ ಹಾಕುವಂತಿರಲಿಲ್ಲ. ಅದನ್ನು ಸರಿ ಮಾಡುವುದು ಅವಳೊಬ್ಬಳಿಗೇ ಗೊತ್ತಿತ್ತು. ಕೊನೆಗೆ ಅವಳ ಫೀ ಮಾಫಿ ಮಾಡಿ, ಚಿಕ್ಕ ಮಕ್ಕಳಿಗೆ ಕಲಿಸಲು ಹಚ್ಚಿದರು.

ಮುಂದೆ ಡಿಪ್ಲೊಮಾ ಮುಗಿಸಿ ಎರಡು ವರ್ಷ ಹುಬ್ಬಳ್ಳಿಯಲ್ಲಿ ಕೆಲಸ ಮಾಡಿದಳು. ಅಲ್ಲಿ ಅವಳಿಗೆ ಯಾವುದೋ ದೊಡ್ಡ ಪ್ರೋಗ್ರಾಮಿನ ಒಂದು ಸಣ್ಣ ತುಂಡನ್ನು ಕೊಟ್ಟು ಕೂರಿಸಿದ್ದರು. ಅದನ್ನು ಯಾರು ಬಳಸುತ್ತಾರೆ, ಬೈಯುತ್ತಾರೋ ಹೊಗಳುತ್ತಾರೋ, ಏನೂ ತಿಳಿಯುತ್ತಿರಲಿಲ್ಲ. ಬೈಯುವವರ ಮುಖವಾದರೂ ಕಾಣಬೇಕು ಎಂದು ಊರಿಗೆ ಮರಳಿದಳು.

ಮದುವೆಯ ಮಾತೂ ನಡೆದಿತ್ತು. ನೋಡಲು ಬಂದ ಗಂಡುಗಳಿಗೆ ಅವಳು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: “ನಿಮ್ಮ ಫೋನಿನ ಪಾಸ್‌ವರ್ಡ್ ಏನ್ರಿ?” ಹೇಳದೆ ಸಿಟ್ಟಾದವರು ನಾಲ್ಕು ಮಂದಿ. ಬೆಳಗಾವಿ ಕಡೆಯ ಒಬ್ಬ ಮಾತ್ರ ಪಟ್ಟನೆ ಹೇಳಿಬಿಟ್ಟ. ಅವನು ಹೋದ ಮೇಲೆ “ಕೇಳಿದ ಕೂಡ್ಲೇ ಹೇಳಾವ್ನ ನಂಬಿ ಮನಿ ಕೀಲಿ ಹೆಂಗ ಕೊಡೂದು?” ಎಂದು ಅವನನ್ನೂ ಬೇಡವೆಂದಳು. ಅಂದಿನಿಂದ ತಾಯಿ ಸಕ್ಕುಬಾಯಿ ಗಂಡುಗಳನ್ನು ಮನೆಗೆ ಕರೆಸುವುದನ್ನು ನಿಲ್ಲಿಸಿದಳು. ಮಗಳಿಗೆ ಗೊತ್ತಿಲ್ಲದಂತೆ ಬೇರೆ ದಾರಿ ಹಿಡಿದಿದ್ದಳು. ಆ ವಿಷಯ ಆಮೇಲೆ.

ಹಳಿಯಾಳದ ಮಹಾದೇವಕ್ಕನದು ವಧು-ವರರ ಕೇಂದ್ರ. ಅದನ್ನು ಶುರು ಮಾಡಿದವಳು ಅವಳ ಅತ್ತೆ ತಾಯವ್ವ. ಅತ್ತೆ ಬಿಟ್ಟುಹೋದ ಆಸ್ತಿಯೆಂದರೆ ಪಡಸಾಲೆಯಲ್ಲಿನ ಒಂದು ಕಬ್ಬಿಣದ ಟ್ರಂಕು, ಅದರ ತುಂಬ ಹುಡುಗ-ಹುಡುಗಿಯರ ಪರಿಚಯಪತ್ರ. ಮೂರು ವರ್ಷದ ಹಿಂದೆ ಶೈಲಶ್ರೀ ಅವಳಿಗೊಂದು ಪ್ರೋಗ್ರಾಂ ಮಾಡಿಕೊಟ್ಟಿದ್ದಳು. ಅದರಲ್ಲಿ ಹೆಸರು, ಊರು, ಫೋನ್ ನಂಬರ್ ಅಷ್ಟೇ. ಉಳಿದದ್ದಕ್ಕೆಲ್ಲ ಟ್ರಂಕೇ ಗತಿ.

ಕಳೆದ ವರ್ಷ ಯುಗಾದಿ ಮುಗಿದ ವಾರದಲ್ಲಿ ಮಹಾದೇವಕ್ಕ ಫೋನ್ ಮಾಡಿದಳು.

“ಶೈಲಾ, ಇವತ್ತ ಬಾ. ನಮ್ಮ ಏಳು ವರಗೋಳ್ನ ಗೆದ್ದಲ ತಿಂದಾವು.”

ಶೈಲಶ್ರೀ ಹಳಿಯಾಳಕ್ಕೆ ಹೋಗಿ ನೋಡಿದಳು. ಟ್ರಂಕಿನ ಒಂದು ಮೂಲೆ ತುಕ್ಕು ಹಿಡಿದು ತೂತಾಗಿ, ಗೆದ್ದಲು ಒಳಹೊಕ್ಕಿತ್ತು. ಏಳು ಪತ್ರಗಳಲ್ಲಿ ಅಂಟಿಸಿದ ಫೋಟೋ ಮಾಯ. ವಿದ್ಯಾಭ್ಯಾಸ, ಎತ್ತರ, ಜಮೀನು ಎಲ್ಲ ಇತ್ತು, ಮುಖ ಮಾತ್ರ ಇರಲಿಲ್ಲ.

“ಜಮೀನಿನ ತನಕಾ ಹೋಗಿಲ್ಲ ನೋಡ್ರಿ, ಸಾಕಲ್ಲ,” ಎಂದಳು ಶೈಲಶ್ರೀ. “ಮುಖಾ ಯಾರ್ ಕೇಳ್ತಾರ.”

“ನಗಬ್ಯಾಡ. ಒಂದ ಬಟನ್ ಒತ್ತಿದರ ಈ ಕಾಗದಾ ಎಲ್ಲಾ ಕಂಪ್ಯೂಟರ್ ಒಳಗ ಹೋಗಬೇಕು. ನಾ ಹಳ್ಳಿಗೆ ಹೋದಾಗ ಮೊಬೈಲ್ನ್ಯಾಗ ತಗದರ ಅದೂ ಇಲ್ಲೇ ಬಂದ ಬೀಳಬೇಕು. ಹಂಗ ಮಾಡಿಕೊಡ್ತೀಯೇನ?”

“ಮಾಡ್ತೇನ್ರಿ.”

ಹೇಳಿದಷ್ಟು ಸುಲಭವಾಗಿ ಅದು ಆಗಲಿಲ್ಲ. ಹುಬ್ಬಳ್ಳಿಯಿಂದ ಸ್ಕ್ಯಾನರ್ ತಂದರು. ಮೇಲಿನ ತಟ್ಟೆಯಲ್ಲಿ ಕಾಗದದ ಕಟ್ಟು ಇಟ್ಟರೆ ಒಂದೊಂದಾಗಿ ತಾನೇ ಎಳೆದುಕೊಳ್ಳುವ ಮಷಿನು. ಆದರೆ ಶೈಲಶ್ರೀಯ ಪ್ರೋಗ್ರಾಮಿಗೂ ಮಷಿನಿಗೂ ಮಾತುಕತೆಯೇ ಇಲ್ಲ. ಬಟನ್ ಒತ್ತಿದರೆ ಪ್ರೋಗ್ರಾಂ ‘ಸ್ಕ್ಯಾನರ್ ಸಿಗಲಿಲ್ಲ’ ಎನ್ನುತ್ತಿತ್ತು. ಸ್ಕ್ಯಾನರ್ ಪಕ್ಕದಲ್ಲೇ ಹಸಿರು ದೀಪ ಹಚ್ಚಿಕೊಂಡು ಕೂತಿರುತ್ತಿತ್ತು. ನಾಲ್ಕು ದಿನ ಬೇರೆ ಬೇರೆ ಡ್ರೈವರ್ ಹಾಕಿ ತೆಗೆದು, ಐದನೇ ದಿನ ಎರಡಕ್ಕೂ ಮಾತು ಕೂಡಿಸಿದಳು. ಮಹಾದೇವಕ್ಕ ಕುರ್ಚಿಯಲ್ಲಿ ಕೂತು ಇದನ್ನೆಲ್ಲ ನೋಡುತ್ತಿದ್ದಳು.

“ನಮ್ಮ ಧಂದೆನೂ ಇದಽ ನೋಡು,” ಎಂದಳು. “ಎರಡೂ ಬಾಜೂಕ ಕುಂತಿರ್ತಾವು, ಒಂದಕ್ಕೊಂದು ಕಾಣೂದಿಲ್ಲ.”

ಮಾತು ಕೂಡಿದ ಮೇಲೆ ಬೇರೆ ತಕರಾರು. ಫೋಟೋ ಅಂಟಿಸಿದ ಗೋಂದಿನಿಂದ ಎರಡೆರಡು ಕಾಗದ ಹತ್ತಿಕೊಂಡು ಒಟ್ಟಿಗೆ ಹೋಗುತ್ತಿದ್ದವು. ಕೆಲವು ತಲೆಕೆಳಗಾಗಿ ಬರುತ್ತಿದ್ದವು. ಬರೆದ ಅಕ್ಷರವನ್ನು ಕಂಪ್ಯೂಟರೇ ಓದಲಿ ಎಂದು ಒಂದು ದಿನ ಪ್ರಯತ್ನಿಸಿದಳು. ‘ಸ್ವಂತ ಮನೆ’ ಎಂದು ಬರೆದಿದ್ದನ್ನು ಅದು ‘ಸ್ವಂತ ಮೊಲೆ’ ಎಂದು ಓದಿತು. ಅದನ್ನು ಮಹಾದೇವಕ್ಕನಿಗೆ ತೋರಿಸುವ ಮೊದಲೇ ಶೈಲಶ್ರೀ ಅಳಿಸಿಹಾಕಿ, ಪ್ರತಿ ಪತ್ರದ ಹೆಸರು-ಊರನ್ನು ಕೈಯಿಂದಲೇ ಟೈಪ್ ಮಾಡಲು ಕೂತಳು.

ಟ್ರಂಕಿನಲ್ಲಿ ಪತ್ರಗಳು ಕಟ್ಟು ಕಟ್ಟಾಗಿದ್ದವು. ಪ್ರತಿ ಪತ್ರದ ಮೇಲ್ತುದಿಯಲ್ಲಿ ಬಣ್ಣದ ಪೆನ್ಸಿಲಿನ ಒಂದು ಗೀಟು. ಕೆಂಪು, ಹಸಿರು, ನೀಲಿ, ಹಳದಿ.

“ಇದೇನ್ರಿ ಗೀಟು?”

“ಪಂಗಡ,” ಎಂದಳು ಮಹಾದೇವಕ್ಕ ದನಿ ತಗ್ಗಿಸಿ. “ನಮ್ಮ ಮಂದ್ಯಾಗ ಯಾರ್ಯಾರು ಒಳಗಿನ ಯಾವ ಪೈಕಿ ಅಂತ. ಅಕ್ಷರದಾಗ ಬರದರ ನಾಳೆ ಒಬ್ಬಾಂವ ಬಂದು ತಕರಾರ ತಗೀತಾನ. ಗೀಟ ಹೊಡದರ ಯಾರಿಗೂ ತಿಳ್ಯೂದಿಲ್ಲ. ನಮ್ಮತ್ತಿ ಹಾಕಿದ ಪದ್ಧತಿ. ಕೆಂಪಿಗೆ ಕೆಂಪು, ಹಸರಿಗೆ ಹಸರು. ಅಷ್ಟಽ.”

ಬಣ್ಣದಲ್ಲಿ ಸ್ಕ್ಯಾನ್ ಮಾಡಿದರೆ ಫೈಲು ಭಾರಿ ದೊಡ್ಡದಾಗಿ, ಮಹಾದೇವಕ್ಕನ ಹಳೆಯ ಕಂಪ್ಯೂಟರ್ ಒಂದೊಂದು ಪತ್ರಕ್ಕೂ ಏದುಸಿರು ಬಿಡುತ್ತಿತ್ತು. ಆದ್ದರಿಂದ ಶೈಲಶ್ರೀ ಹಳೆಯ ಫೋಟೋದ ಹಾಗೆ ಕಪ್ಪು-ಬಿಳುಪಿನಲ್ಲಿ ತೆಗೆಯುವಂತೆ ಹೊಂದಿಸಿದಳು. ಕೆಲಸ ಸರಸರ ನಡೆಯಿತು. ಮೊದಲ ಕಟ್ಟು ಮುಗಿಸಿ ತೆರೆಯ ಮೇಲೆ ನೋಡಿದಾಗ ಅವಳಿಗೆ ಕಂಡಿತು. ಕೆಂಪು ಗೀಟೂ ಬೂದಿ, ಹಸಿರು ಗೀಟೂ ಬೂದಿ, ನೀಲಿಯೂ ಬೂದಿ. ಯಾವುದು ಯಾವುದೆಂದು ದೇವರಿಗೂ ಹೇಳಲು ಬರುವಂತಿರಲಿಲ್ಲ.

ತಪ್ಪು ಸರಿಪಡಿಸಲು ಒಂದು ಕ್ಲಿಕ್ ಸಾಕಾಗಿತ್ತು. ಕೈ ಮುಂದೆ ಹೋಯಿತು ಕೂಡ. ಅಷ್ಟರಲ್ಲಿ ಎರಡನೇ ಕಟ್ಟಿನ ಮೇಲಿನ ಪತ್ರದ ಮೇಲೆ ಅವಳ ಕಣ್ಣು ಬಿತ್ತು. ಅಕ್ಷರ ಪರಿಚಯದ್ದು. ಅವ್ವ ಕಿರಾಣಿ ಚೀಟಿ ಬರೆಯುವ ಅದೇ ದುಂಡು ಅಕ್ಷರ.

‘ಕು. ಶೈಲಶ್ರೀ. ವಯಸ್ಸು ಇಪ್ಪತ್ತಾರು. ಸ್ವಭಾವ: ಮಿತಭಾಷಿ, ಹಿರಿಯರ ಮಾತು ಮೀರದವಳು. ಹವ್ಯಾಸ: ರಂಗೋಲಿ.’

ಒಂದಲ್ಲ, ಅಂಥ ಐದು ಪತ್ರಗಳಿದ್ದವು. ವರ್ಷಕ್ಕೊಂದರಂತೆ ಕೊಟ್ಟವು. ಐದರಲ್ಲೂ ವಯಸ್ಸು ಇಪ್ಪತ್ತಾರೇ. ಎತ್ತರ ಮಾತ್ರ ವರ್ಷವರ್ಷಕ್ಕೆ ಒಂದಿಂಚು ಏರುತ್ತ ಹೋಗಿತ್ತು. ನಾಲ್ಕನೆಯದಕ್ಕೆ ಅಂಟಿಸಿದ ಫೋಟೋ ಅವಳದ್ದೇ ಅಲ್ಲ, ಚಿಕ್ಕಮ್ಮನ ಮಗಳು ಜ್ಯೋತಿಯದು. ಪ್ರತಿಯೊಂದರ ಮೇಲ್ತುದಿಗೂ ಒಂದು ಹಸಿರು ಗೀಟು.

ಶೈಲಶ್ರೀ ಮೊದಲು ನಕ್ಕಳು. ಆಮೇಲೆ ಕಿವಿ ಬಿಸಿಯಾಯಿತು. ಐದು ವರ್ಷದಿಂದ ತಾನು ಹಸಿರು ಗೀಟಿನ ಕೆಳಗೆ, ಗೆದ್ದಲಿನ ಪಕ್ಕದಲ್ಲಿ, ಬಾಯಿ ಮುಚ್ಚಿಕೊಂಡು ರಂಗೋಲಿ ಹಾಕುತ್ತ ಬಿದ್ದಿದ್ದೇನೆ ಎಂದುಕೊಂಡಳು. ಮುಂದೆ ಹೋಗಿದ್ದ ಕೈಯನ್ನು ಹಿಂದಕ್ಕೆ ತೆಗೆದಳು. ಕಪ್ಪು-ಬಿಳುಪನ್ನು ಬದಲಿಸಲಿಲ್ಲ.

ಮಹಾದೇವಕ್ಕ ಹತ್ತು ವರ್ಷದ ಪತ್ರಗಳು ಸಾಕು ಎಂದಿದ್ದಳು. ಶೈಲಶ್ರೀ ಟ್ರಂಕಿನ ತಳದವರೆಗೆ, ತಾಯವ್ವನ ಕಾಲದ ಹಳದಿಗಟ್ಟಿದ ಕಾಗದಗಳನ್ನೂ ಬಿಡದೆ ಸ್ಕ್ಯಾನ್ ಮಾಡಿದಳು. ಆ ಕಾಲದ ಹುಡುಗರು ಏನೇನು ಸುಳ್ಳು ಬರೆಯುತ್ತಿದ್ದರು ಎಂದು ನೋಡುವ ಚಪಲ.

ಅಂದು ಸಂಜೆ ಮನೆಗೆ ಬಂದಾಗ ಸಕ್ಕುಬಾಯಿ ರೊಟ್ಟಿ ಬಡಿಯುತ್ತಿದ್ದಳು. ಶೈಲಶ್ರೀ ಒಲೆಯ ಪಕ್ಕ ಕೂತು ಕೇಳಿದಳು.

“ಯವ್ವಾ, ನಾ ಮಿತಭಾಷಿ ಆಗಿದ್ದ ಯಾವಾಗ?”

ಸಕ್ಕುಬಾಯಿಯ ಕೈ ಒಂದು ಕ್ಷಣ ನಿಂತು ಮತ್ತೆ ಬಡಿಯತೊಡಗಿತು.

“ಖರೇನ ಅಂತೂ ಆಗ್ಲಿಲ್ಲ. ಕಾಗದದಾಗರೆ ಆಗು.”

“ಎತ್ತರಾ ಯಾಕ ಏರಿಸ್ಕೊಂತ ಹೋಗೀದಿ?”

“ವಯಸ್ಸ ಏರಸ್ಲಿಲ್ಲಲ್ಲ, ಏನರೆ ಒಂದ ಏರಬೇಕಲ್ಲ.”

ಪಡಸಾಲೆಯಲ್ಲಿ ಪೇಪರ್ ಹಿಡಿದು ಕೂತಿದ್ದ ಶಂಕ್ರಪ್ಪ ಪೇಪರನ್ನು ಮುಖದ ಮೇಲಕ್ಕೆ ಎತ್ತಿಕೊಂಡ. ಅದರ ಹಿಂದೆ ಅವನ ಹೊಟ್ಟೆ ಕುಣಿಯುತ್ತಿರುವುದು ತಾಯಿ ಮಗಳಿಬ್ಬರಿಗೂ ಕಂಡಿತು.

ಮೊಬೈಲಿನ ಕೆಲಸ ಮುಗಿಯಲು ಇನ್ನೊಂದು ತಿಂಗಳು ಹಿಡಿಯಿತು. ಕ್ಯಾಮೆರಾ ಹಿಡಿದರೆ ಆ್ಯಪು ತಾನೇ ಕಾಗದದ ನಾಲ್ಕು ಮೂಲೆ ಹುಡುಕಿ, ಸೊಟ್ಟಗಿದ್ದರೆ ನೆಟ್ಟಗೆ ಮಾಡಿ, ಕೈಯ ನೆರಳನ್ನು ಅಳಿಸಿ, ಸ್ವಚ್ಛ ಕಪ್ಪು-ಬಿಳುಪು ಚಿತ್ರ ಕೊಡಬೇಕು. ನೆಟ್‌ವರ್ಕ್ ಇಲ್ಲದಿದ್ದರೆ ಫೋನಿನಲ್ಲೇ ಇಟ್ಟುಕೊಂಡು, ಸಿಕ್ಕ ಕೂಡಲೇ ಹಳಿಯಾಳದ ಕಂಪ್ಯೂಟರಿಗೆ ಕಳಿಸಬೇಕು. ಅದನ್ನು ಪರೀಕ್ಷಿಸಲು ಮಹಾದೇವಕ್ಕನೊಂದಿಗೆ ಬಸ್ಸು ಹತ್ತಿ ಮುಂಡಗೋಡ ತಾಲೂಕಿನ ಚಿಗಳ್ಳಿಗೆ ಹೋದಳು.

ಅಲ್ಲಿ ಅವರು ಹೋದದ್ದು ಶಿವಲಿಂಗನ ಮನೆಗೆ. ಇಪ್ಪತ್ತೊಂಬತ್ತರ ಹುಡುಗ. ಭತ್ತ, ಗೋವಿನಜೋಳದ ಕೃಷಿಯ ಜೊತೆಗೆ ಊರವರ ಪಂಪ್‌ಸೆಟ್ ರಿಪೇರಿ ಮಾಡುತ್ತಿದ್ದ. ಅಂಗಳದಲ್ಲಿ ಬಿಳಿ ಬಟ್ಟೆ ಹಾಸಿ ಹಪ್ಪಳ ಒಣಹಾಕಿದ್ದರು. ಅವನ ಪರಿಚಯಪತ್ರವನ್ನೂ ಅದರ ಮೇಲೇ ಇಟ್ಟಿದ್ದರು. ಮಹಾದೇವಕ್ಕ ಮೊದಲ ಸಲ ಫೋನ್ ಹಿಡಿದಳು. ಆ್ಯಪು ಪಕ್ಕದ ಕಾಗದವನ್ನು ಬಿಟ್ಟು ಒಂದು ಹಪ್ಪಳವನ್ನು ಹಿಡಿದು, ಅದಕ್ಕೂ ನಾಲ್ಕು ಮೂಲೆ ಹುಡುಕಿ, ಎಳೆದು ಚೌಕ ಮಾಡಿ ತೋರಿಸಿತು.

“ಈ ವರ ಭಾಳ ದುಂಡಗ ಅದಾನ,” ಎಂದಳು ಶೈಲಶ್ರೀ.

ಶಿವಲಿಂಗ ನಕ್ಕು, ಕಾಗದವನ್ನು ಎತ್ತಿ ಕಪ್ಪು ಕಂಬಳಿಯ ಮೇಲೆ ಇಟ್ಟ. “ಈಗ ನೋಡ್ರಿ. ಬಿಳಿ ಮ್ಯಾಲ ಬಿಳಿ ಇಟ್ಟರ ಅದಕ್ಕರೆ ಹೆಂಗ ತಿಳೀತೈತಿ.” ಆ್ಯಪು ತಟ್ಟನೆ ಕಾಗದ ಹಿಡಿಯಿತು. ಈ ಹುಡುಗನಿಗೆ ತಲೆಯಿದೆ ಎಂದು ಶೈಲಶ್ರೀ ಮನಸ್ಸಿನಲ್ಲೇ ಅಂಕ ಕೊಟ್ಟಳು. ಹವ್ಯಾಸದ ಜಾಗದಲ್ಲಿ ಅವನು ‘ಹಾಡುತ್ತೇನೆ, ಆದರೆ ಚೆನ್ನಾಗಿಲ್ಲ’ ಎಂದು ಬರೆದಿದ್ದ. ಸಾವಿರಾರು ಪತ್ರ ನೋಡಿದವಳಿಗೆ ನಿಜ ಬರೆದದ್ದು ಅದೊಂದೇ ಕಂಡಿತ್ತು.

ಮಹಾದೇವಕ್ಕ ಕಾಗದದ ಮೇಲೆ ನೀಲಿ ಗೀಟು ಎಳೆದು ಮತ್ತೊಮ್ಮೆ ಸ್ಕ್ಯಾನ್ ಮಾಡಿದಳು. ಫೋನನ್ನು ಕಣ್ಣಿನ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದಳು. ಶೈಲಶ್ರೀ ಅಂಗಳದ ಹಪ್ಪಳ ಎಣಿಸತೊಡಗಿದಳು. ಮಹಾದೇವಕ್ಕ ಫೋನನ್ನು ಚೀಲಕ್ಕೆ ಹಾಕಿಕೊಂಡು “ಚಹಾ ಆತೇನವಾ?” ಎಂದು ಒಳಗೆ ಕೂಗಿದಳು. ಮುದುಕಿಗೆ ಕಣ್ಣಿನ ಪೊರೆ ಬಂದಿರಬೇಕು, ಉಳಿದುಕೊಂಡೆ ಎಂದುಕೊಂಡಳು ಶೈಲಶ್ರೀ.

ಮೂರು ವಾರ ಕಳೆಯಿತು. ಆಷಾಢಕ್ಕೆ ಮುಂಚೆ ಒಂದು ಮುಂಜಾನೆ ಮಹಾದೇವಕ್ಕನ ಫೋನು.

“ಶೈಲಾ, ಇಲ್ಲಿ ಮಂದಿ ಬಂದ ಕುಂತಾರ. ನಿನ್ನ ಮಷಿನ್ ಮ್ಯಾಲ ಫಿರ್ಯಾದಿ ಐತಿ. ಲಗೂನ ಬಾ.”

ಶೈಲಶ್ರೀ ಸ್ಕೂಟರ್ ಏರಿ ಹೋದಳು. ಪಡಸಾಲೆಯಲ್ಲಿ ಮುದಕಪ್ಪ ಎಂಬ ಹಿರಿಯರು ಕೂತಿದ್ದರು. ಹಳಿಯಾಳದವರೇ. ಅರವತ್ತರ ಮೇಲೆ ವಯಸ್ಸು, ತಲೆಗೆ ಕೆಂಪು ಪಟಕ, ಕೈಯಲ್ಲಿ ಕೊಡೆ. ಅವರ ಹಿಂದೆ ಬಾಗಿಲಿಗೆ ಒರಗಿ ತಮ್ಮನ ಮಗಳು ನಿರ್ಮಲಾ ನಿಂತಿದ್ದಳು. ಊರಿನಲ್ಲಿ ಹೊಲಿಗೆ ಕ್ಲಾಸು ನಡೆಸುವ ಹುಡುಗಿ. ಆ ಮನೆಯಲ್ಲಿ ಮಾತು ಎಂದರೆ ಮುದಕಪ್ಪನವರದೇ.

ಆದದ್ದು ಇಷ್ಟು. ಮಹಾದೇವಕ್ಕ ನಿರ್ಮಲಾಳಿಗೆ ಚಿಗಳ್ಳಿಯ ಶಿವಲಿಂಗನನ್ನು ತೋರಿಸಿದ್ದಳು. ನೋಡುವ ಶಾಸ್ತ್ರ ಆಗಿತ್ತು, ಅವಲಕ್ಕಿ ತಿಂದಾಗಿತ್ತು, ಹುಡುಗ ಹುಡುಗಿ ಒಪ್ಪಿಕೊಂಡೂ ಆಗಿತ್ತು. ಆಮೇಲೆ ಮುದಕಪ್ಪನವರು ಮುಂಡಗೋಡದ ಸಂತೆಯಲ್ಲಿ ಯಾರನ್ನೋ ವಿಚಾರಿಸಿದಾಗ ತಿಳಿಯಿತು. ಟ್ರಂಕಿನ ಲೆಕ್ಕದಲ್ಲಿ ತಾವು ಹಸಿರು, ಹುಡುಗ ನೀಲಿ.

“ಎರಡ ತಲಿಮಾರಿನಿಂದ ಈ ಟ್ರಂಕ ನಂಬೇವಿ,” ಎಂದರು ಮುದಕಪ್ಪ. “ಟ್ರಂಕ ಎಂದೂ ತಪ್ಪಿಲ್ಲ. ಈಗ ಹೆಂಗ ತಪ್ಪಿತು?”

ಶೈಲಶ್ರೀ ಬಾಯಿ ತೆರೆಯುವ ಮೊದಲೇ ಮಹಾದೇವಕ್ಕ ಹೇಳಿದಳು. “ಅಣ್ಣಾರ, ಮಷಿನಿಗೆ ಬಣ್ಣ ಕಾಣೂದಿಲ್ರಿ.”

ಶೈಲಶ್ರೀ ಅವಳ ಮುಖ ನೋಡಿದಳು. ಪೊರೆ ಬಂದಿದೆ ಎಂದುಕೊಂಡಿದ್ದ ಕಣ್ಣುಗಳು ನೀರಿನಂತೆ ತಿಳಿಯಾಗಿದ್ದವು.

“ಕಾಣೂದಿಲ್ಲಂದ್ರ?” ಎಂದರು ಮುದಕಪ್ಪ. “ಇಷ್ಟ ದೊಡ್ಡ ಮಷಿನಿಗೆ ಬಣ್ಣ ಕಾಣೂದಿಲ್ಲಂದ್ರ ನಾ ನಂಬಾಂವಲ್ಲ. ತೋರಿಸ್ರಿ.”

“ಏನರೆ ಬಣ್ಣದ್ದ ಇದ್ದರ ಇಡ್ರಿ,” ಎಂದಳು ಶೈಲಶ್ರೀ, ಅಷ್ಟು ಮುಗ್ಧವಾಗಿ ಎಂದರೆ ಅವಳಿಗೇ ತನ್ನ ದನಿ ಗುರುತು ಸಿಗಲಿಲ್ಲ.

ಮುದಕಪ್ಪನವರು ಸುತ್ತ ನೋಡಿ, ಕೊನೆಗೆ ತಮ್ಮ ಕೆಂಪು ಪಟಕವನ್ನೇ ಬಿಚ್ಚಿ ಕೊಟ್ಟರು. ಶೈಲಶ್ರೀ ಸ್ಕ್ಯಾನರಿನ ಮುಚ್ಚಳ ಎತ್ತಿ, ಅದರ ಒಂದು ತುದಿಯನ್ನು ಒಳಗಿನ ಗಾಜಿನ ಮೇಲೆ ಹರಡಿ ಬಟನ್ ಒತ್ತಿದಳು. ಬೆಳಕಿನ ಗೆರೆ ಅತ್ತಿಂದಿತ್ತ ಓಡಿತು. ತೆರೆಯ ಮೇಲೆ ಪಟಕ ಬಂತು. ನೆಯ್ಗೆಯ ಎಳೆ ಎಳೆಯೂ ಕಾಣುತ್ತಿತ್ತು, ಬಣ್ಣ ಮಾತ್ರ ಒಲೆಯ ಬೂದಿಯದು.

“ಅಲೆ ಇವನ,” ಎಂದರು ಮುದಕಪ್ಪ. ಸಿಟ್ಟಿನ ಜಾಗಕ್ಕೆ ಕುತೂಹಲ ಬಂದಿತ್ತು. ಎಲೆಯಡಿಕೆಯ ಸಂಚಿ ಇಟ್ಟು ನೋಡಿದರು. ಒಂದು ವೀಳ್ಯದೆಲೆ ಇಟ್ಟು ನೋಡಿದರು. ಕೊನೆಗೆ ತಮ್ಮ ಅಂಗೈಯನ್ನೇ ಇಟ್ಟರು. ತೆರೆಯ ಮೇಲೆ ಮೂಡಿದ ಕೈಯನ್ನು ನೋಡಿ, “ಆಯುಷ್ಯದ ಗೆರೀ ಉದ್ದ ಐತಿ ನೋಡ್ರಿ,” ಎಂದು ಮಹಾದೇವಕ್ಕನಿಗೆ ತೋರಿಸಿದರು.

ಆದರೆ ಬಂದ ಕೆಲಸವನ್ನು ಅವರು ಮರೆತಿರಲಿಲ್ಲ. ಬರಿತಲೆಯಲ್ಲೇ ಹಿಂದಿರುಗಿ ಕೂತರು. “ಮಷಿನಿಂದ ತಪ್ಪು ಅನ್ರಿ. ಮಂದೀದಲ್ಲ. ಹಂಗಾದರ ಈ ಮಾತ ಇಲ್ಲಿಗೇ ಬಿಡೂಣು. ಹುಡುಗನ ಮನಿಯವ್ರಿಗೆ ನೀವಽ ಹೇಳಿಬಿಡ್ರಿ.”

“ದೊಡ್ಡಪ್ಪಾ,” ಎಂದಳು ನಿರ್ಮಲಾ ಬಾಗಿಲಿನಿಂದ. “ನಂಗ ಆಂವ ಮನಸಿಗೆ ಬಂದಾನು.”

“ನೀ ಸುಮ್ನಿರು.”

“ಸುಮ್ನಽ ಇದ್ದೆ. ಅದಕ್ಕಽ ಇಷ್ಟ ದಿನಾ ಆತು.”

ಈಗ ಶೈಲಶ್ರೀಗೆ ನಗು ಬರಲಿಲ್ಲ. ತೆರೆಯ ಮೇಲಿನ ಆಟ ಅವಳಿಗೆ ಮೋಜೆನಿಸಿತ್ತು. ಬಾಗಿಲಿಗೆ ಒರಗಿ, ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದ ಹುಡುಗಿ ಆ ಆಟದಲ್ಲಿ ಇರಲಿಲ್ಲ. ತಾನು ಕೈ ಹಿಂದೆ ತೆಗೆದಾಗ ಇಂಥ ಒಬ್ಬಳು ಆಸೆ ಹೊತ್ತು ಬಂದು ನಿಲ್ಲಬಹುದು ಎಂದು ಅವಳು ಯೋಚಿಸಿರಲಿಲ್ಲ. ನಿಜ ಹೇಳಿಬಿಡಲೇ ಎಂದುಕೊಂಡಳು.

ಅಷ್ಟರಲ್ಲಿ ಮಹಾದೇವಕ್ಕ ಕನ್ನಡಕ ಒರೆಸುತ್ತ, ಏನೋ ನೆನಪಾದವಳಂತೆ ಹೇಳಿದಳು. “ಶೈಲಾ, ಅಣ್ಣಾರಿಗೆ ಮಷಿನಿನ ಮ್ಯಾಲ ವಿಶ್ವಾಸ ಹೋಗೇತಿ. ಹುಡುಕೂದರೆ ಬರೋಬ್ಬರಿ ಹುಡುಕತೈತಿ ಅಂತ ತೋರಸು. ಅವರ ಹೆಸರಽ ಹಾಕು.”

ಶೈಲಶ್ರೀ ‘ಮುದಕಪ್ಪ, ಹಳಿಯಾಳ’ ಎಂದು ಟೈಪ್ ಮಾಡಿದಳು. ಟ್ರಂಕಿನ ತಳದ ಒಂದು ಪತ್ರ ತೆರೆಯ ಮೇಲೆ ಬಂತು. ಸಾವಿರದ ಒಂಬೈನೂರ ಎಂಬತ್ತೇಳನೇ ಇಸವಿ. ದಟ್ಟ ಕೂದಲು, ಅಗಲ ಕಾಲರಿನ ಅಂಗಿಯ ಹುಡುಗನೊಬ್ಬನ ಫೋಟೋ. ವಯಸ್ಸು ಇಪ್ಪತ್ತನಾಲ್ಕು. ಪಕ್ಕದ ಖಾಲಿ ಜಾಗದಲ್ಲಿ ತಾಯವ್ವನ ಕೈಬರಹ: ‘ಈ ಹುಡುಗ ನೀಲಿ ಪೈಕಿ ಕನ್ಯೆಯನ್ನೇ ತೋರಿಸಿರೆಂದು ಮೂರು ಸಲ ಬಂದು ಕೇಳಿಕೊಂಡಿದ್ದಾನೆ. ಮನೆಯವರಿಗೆ ತಿಳಿಸಬಾರದಾಗಿ ವಿನಂತಿ.’

ಶೈಲಶ್ರೀ ಅದನ್ನು ಓದಿ ಮುಗಿಸಿದಳು. ಆಮೇಲೆ ಮಾನಿಟರನ್ನು ಮೆಲ್ಲಗೆ ತಿರುಗಿಸಿದಳು, ಮುದಕಪ್ಪನವರಿಗೆ ಮಾತ್ರ ಕಾಣುವಷ್ಟು.

ಅವರು ಹತ್ತಿರ ಬಾಗಿದರು. ಮೊದಲು ಫೋಟೋ ನೋಡಿ ಗುರುತು ಹಿಡಿದು ಮೀಸೆ ಮುಟ್ಟಿಕೊಂಡರು. ಆಮೇಲೆ ಪಕ್ಕದ ಸಾಲನ್ನು ಓದಿದರು. ತುಟಿ ಅಲುಗುತ್ತಿತ್ತು. ಎರಡನೇ ಸಲ ಓದಿದರು. ಅಷ್ಟು ಹೊತ್ತೂ ಸ್ಕ್ಯಾನರಿನ ಪಕ್ಕದಲ್ಲಿ ಬಿದ್ದಿದ್ದ ಪಟಕವನ್ನು ಎತ್ತಿಕೊಂಡು ನಿಧಾನವಾಗಿ ಸುತ್ತತೊಡಗಿದರು. ಸುತ್ತು ಮುಗಿಸಿ ತುದಿಯನ್ನು ಒಳಗೆ ಸಿಕ್ಕಿಸಿದರು.

“ಇದರ ಪ್ರಿಂಟ ತಗೀಬ್ಯಾಡವಾ,” ಎಂದರು ಮೆಲ್ಲಗೆ.

“ತಗ್ಯೂದಿಲ್ರಿ.”

“ಮತ್ತ್ಯಾರರೆ ನೋಡ್ಯಾರೇನು?”

“ನಾ ಈಗಽ ನೋಡಿದ್ದು.”

ಮುದಕಪ್ಪನವರು ಕೊಡೆ ಎತ್ತಿಕೊಂಡು ಎದ್ದರು. ಬಾಗಿಲಲ್ಲಿ ನಿಂತು, ಯಾರ ಮುಖವನ್ನೂ ನೋಡದೆ ಮಹಾದೇವಕ್ಕನಿಗೆ ಹೇಳಿದರು. “ಚಿಗಳ್ಳಿಯವ್ರಿಗೆ ಫೋನ್ ಹಚ್ರಿ. ನಿಶ್ಚಯಕ್ಕ ಎಷ್ಟ ಮಂದಿ ಬರ್ತಾರ ಕೇಳ್ರಿ. ಊಟದ ವ್ಯವಸ್ಥಾ ಆಗಬೇಕು.”

ನಿರ್ಮಲಾ ಅವರ ಹಿಂದೆ ಹೋಗುವಾಗ ಒಮ್ಮೆ ತಿರುಗಿ ನೋಡಿದಳು. ಏನಾಯಿತೆಂದು ಅವಳಿಗೆ ತಿಳಿದಿರಲಿಲ್ಲ. ಕೇಳಿ ಕೆಡಿಸುವಷ್ಟು ದಡ್ಡಿಯೂ ಅಲ್ಲ.

ಅವರು ಓಣಿ ದಾಟುವವರೆಗೆ ಕಾದು ಶೈಲಶ್ರೀ ಕೇಳಿದಳು. “ಮಹಾದೇವಕ್ಕಾರ, ಆ ಕಾಗದದ ವಿಷಯಾ ನಿಮಗ ಗೊತ್ತಿತ್ತೇನ್ರಿ?”

“ನಮ್ಮತ್ತಿ ಸಾಯೂ ಮುಂದ ಟ್ರಂಕಿನ ಕೀಲಿ ಕೊಟ್ಟಳು, ಎಲ್ಲಾ ಹೇಳಿ ಸತ್ತಳು.”

“ಬಣ್ಣದ ವಿಷಯಾ?”

“ಚಿಗಳ್ಳ್ಯಾಗಽ ಗೊತ್ತಾತು. ನನಗೇನ ಕಣ್ಣಿಲ್ಲೇನ?” ಮಹಾದೇವಕ್ಕ ಎಲೆಗೆ ಸುಣ್ಣ ಹಚ್ಚಿದಳು. “ಕೆಂಪಿನ್ಯಾಗ ಹುಡುಗಿಯರಿಲ್ಲ. ಹಸರಿನ್ಯಾಗ ಹುಡುಗರಿಲ್ಲ. ನಾಕ ವರ್ಷಾತು, ಬಂದವ್ರಿಗೆ ತೋರಿಸಿದ್ದಽ ತೋರಿಸಾಕತ್ತೇನಿ. ನಾ ಬ್ಯಾರೆ ಬಣ್ಣ ತೋರಿಸಿದರ ಮಂದಿ ನನ್ನ ಬೈತಾರ. ಮಷಿನ್ ತೋರಿಸಿದರ ಮಷಿನ್ನ ಬೈತಾರ. ಮಷಿನಿಗೇನ ಮಾನಾ ಹೋಗತೈತೇನ?”

ಶೈಲಶ್ರೀ ಜೋರಾಗಿ ನಕ್ಕಳು. ತನ್ನ ಜೀವನದಲ್ಲಿ ತನಗಿಂತ ದೊಡ್ಡ ಕಿಡಿಗೇಡಿಯನ್ನು ಅವಳು ಕಂಡಿರಲಿಲ್ಲ.

“ಆದರ ಒಂದ ಮಾತು,” ಎಂದಳು ಮಹಾದೇವಕ್ಕ, ಈಗ ಪಕ್ಕಾ ವ್ಯವಹಾರಸ್ಥೆಯಾಗಿ. “ಎರಡ ಬಟನ್ ಮಾಡಿಕೊಡು. ಒಂದು ಬಣ್ಣದ್ದು, ಒಂದು ಬಣ್ಣ ಇಲ್ಲದ್ದು. ಮೊದಲನೇ ವರ್ಷ ಬಂದವ್ರಿಗೆ ಬಣ್ಣದ್ದು. ಮೂರನೇ ವರ್ಷನೂ ಬಂದ್ರ ತಾವಽ ಎರಡನೇ ಬಟನ್ ಕೇಳ್ತಾರ.”

ಶೈಲಶ್ರೀ ಇಡೀ ಟ್ರಂಕನ್ನು ಎರಡನೇ ಸಲ, ಈ ಸಲ ಬಣ್ಣದಲ್ಲಿ, ಸ್ಕ್ಯಾನ್ ಮಾಡಿದಳು. ಮಾಡಿದ ಕಿಡಿಗೇಡಿತನಕ್ಕೆ ಅದು ಹದಿನೆಂಟು ದಿನದ ಶಿಕ್ಷೆ. ತನ್ನ ಐದು ಪತ್ರಗಳಲ್ಲಿ ನಾಲ್ಕನ್ನು ಹರಿದು, ಒಂದರಲ್ಲಿ ವಯಸ್ಸು ಮೂವತ್ನಾಲ್ಕು ಎಂದು ತಿದ್ದಿ, ಸ್ವಭಾವದ ಸಾಲನ್ನು ಹೊಡೆದುಹಾಕಿ ‘ಬಂದು ನೋಡಿ ತಿಳಿದುಕೊಳ್ಳುವುದು’ ಎಂದು ಬರೆದಿಟ್ಟಳು. ಇದುವರೆಗೆ ಇಬ್ಬರು ಬಂದು ನೋಡಿ ತಿಳಿದುಕೊಂಡು ಹೋಗಿದ್ದಾರೆ. ಅವಳಿಗೆ ಅದರ ಬೇಸರವೇನೂ ಇದ್ದಂತಿಲ್ಲ.

ನಿಜವಾಗಿ ಬದಲಾದದ್ದು ಸಕ್ಕುಬಾಯಿ. ನಿರ್ಮಲಾಳ ಮದುವೆಯ ಊಟಕ್ಕೆ ಮಗಳ ಜೊತೆ ಹೋದವಳು ಮಹಾದೇವಕ್ಕನ ಪಕ್ಕ ಕೂತು ಎರಡು ತಾಸು ಮಾತಾಡಿದಳು. ಆ ಪಂಕ್ತಿಯಲ್ಲಿದ್ದ ಅಷ್ಟೂ ಮಂದಿಯ ಮನೆಯಲ್ಲಿ ಯಾರಿಗೆ ಮದುವೆ ಬಾಕಿ ಇದೆ ಎಂಬುದನ್ನು ಕೈಬೆರಳಿನಲ್ಲಿ ಎಣಿಸಿ ಹೇಳಿದಳು. ಮರುದಿನವೇ ಮಹಾದೇವಕ್ಕ ಅವಳನ್ನು ದಾಂಡೇಲಿ-ಜೋಯಿಡಾ ಕಡೆಯ ಏಜೆಂಟಳನ್ನಾಗಿ ಮಾಡಿಕೊಂಡಳು. ಶೈಲಶ್ರೀ ಅವ್ವನ ಫೋನಿಗೆ ಆ್ಯಪು ಹಾಕಿ, ತೆಗೆದದ್ದರ ಒಂದು ಪ್ರತಿ ತನ್ನ ಕಂಪ್ಯೂಟರಿಗೂ ಬರುವಂತೆ ಮಾಡಿಕೊಟ್ಟಳು. ಸಕ್ಕುಬಾಯಿ ಮೊದಲ ವಾರ ಮನೆಯ ಕರೆಂಟ್ ಬಿಲ್ಲು, ಗೋಡೆಯ ಕ್ಯಾಲೆಂಡರು, ಮಲಗಿದ್ದ ಗಂಡನನ್ನು ಸ್ಕ್ಯಾನ್ ಮಾಡಿ ಕಲಿತಳು. ಎರಡನೇ ವಾರ ಊರೂರು ಸುತ್ತಲು ಹೊರಟಳು. ಮಗಳ ಮದುವೆಯ ಮಾತೆತ್ತಿ ಈಗ ಎಂಟು ತಿಂಗಳಾಗಿದೆ. ಅವಳಿಗೆ ಪುರಸತ್ತಿಲ್ಲ.

ಹೋದ ವಾರ ಅಣಶಿ ಕಡೆಗೆ ಹೋಗಿದ್ದಳು. ಕಾಡಿನ ಊರು, ಫೋನು ಸತ್ತಂತೆ. ಮಧ್ಯಾಹ್ನ ಎರಡರವರೆಗೂ ಅವಳ ಸುದ್ದಿಯಿರಲಿಲ್ಲ. ಶಂಕ್ರಪ್ಪ ಮೂರು ಸಲ ಮಾಳಿಗೆ ಹತ್ತಿ ಬಂದ. ನಾಲ್ಕನೇ ಸಲ ಬಂದಾಗ ಶೈಲಶ್ರೀಯ ಕಂಪ್ಯೂಟರ್ ಟಿಣ್ ಟಿಣ್ ಎನ್ನತೊಡಗಿತು. ಸಕ್ಕುಬಾಯಿಯ ಬಸ್ಸು ನೆಟ್‌ವರ್ಕಿನ ಸೀಮೆಗೆ ಬಂದಿತ್ತು. ಒಂದರ ಹಿಂದೆ ಒಂದು ಹತ್ತೊಂಬತ್ತು ಪತ್ರ ಬಂದು ಬಿದ್ದವು. ಇಪ್ಪತ್ತನೆಯದು ಪತ್ರವಲ್ಲ, ಊಟದ ತಟ್ಟೆ. ಅನ್ನ, ಮೀನಿನ ಸಾರು, ಮುರುಗಲ ಹುಳಿಯ ಸೋಲ್ ಕಡಿ. ಆ್ಯಪು ಅದರ ನಾಲ್ಕು ಮೂಲೆ ನೆಟ್ಟಗೆ ಮಾಡಿ, ನೆರಳು ಅಳಿಸಿ ಕಳಿಸಿತ್ತು.

ಶಂಕ್ರಪ್ಪ ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದ.

“ಊಟಾ ಚೊಲೋ ಆಗೇತಿ ಆಕೀದು,” ಎಂದ. “ನಮಗೇನ್ ಮಾಡೂಣು?”

“ಉಪ್ಪಿಟ್ಟ ಮಾಡೂಣೇನಪ್ಪಾ?”

“ಉಳ್ಳಾಗಡ್ಡಿ ನಾ ಹೆಚ್ಚತೇನಿ, ನಡಿ,” ಎಂದು ಅವನು ಮೆಟ್ಟಿಲು ಇಳಿದ.